ರೋಡ್, ಮೌಂಟನ್ ಬೈಕ್, ಸೈಕ್ಲೊಕ್ರಾಸ್: 16ರ ಹುಡುಗಿ ಈಗಲೇ ಒಂದನ್ನು ಆರಿಸಿಕೊಳ್ಳಬೇಕೆ?

ಶಿರಸಿಯ ಸೋದರಮಾವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗಳಿಗೆ ಈಗ 16 ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಪ್ರಥಮ ಪಿಯುಸಿಗೆ ಸೇರಿದ್ದಾಳೆ. ನಮ್ಮದು ಶಿರಸಿ ಪೇಟೆಯಿಂದ ಒಳಗಿರುವ ಅಡಿಕೆ ತೋಟದ ಊರು. ಬಸ್ಸು ಮುಖ್ಯ ರಸ್ತೆಯಲ್ಲಿ ಮಾತ್ರ ನಿಲ್ಲುವುದರಿಂದ ಐದನೆಯ ತರಗತಿಯಿಂದಲೇ ಅವಳು ಬೆಟ್ಟದ ಕಾಲುಹಾದಿಯಲ್ಲಿ ಸೈಕಲ್ ತುಳಿದು ಶಾಲೆಗೆ ಹೋದವಳು. ದಾರಿಯಲ್ಲಿ ಒಂದು ಸಂಕ (ಹಳ್ಳದ ಕಾಲುಸೇತುವೆ), ಎರಡು ತಡಮೆ (ಬೇಲಿಯಲ್ಲಿ ದಾಟಿಹೋಗುವ ಅಡ್ಡಗಟ್ಟು). ಅಲ್ಲೆಲ್ಲ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ದಾಟಿ, ಆಚೆ ಬದಿಯಲ್ಲಿ ಓಡುತ್ತಲೇ ಮತ್ತೆ ಹತ್ತುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ.

ಕಳೆದ ಎರಡು ವರ್ಷಗಳಿಂದ ಅವಳು ಸ್ಪರ್ಧೆಗಳಿಗೆ ಹೋಗುತ್ತಿದ್ದಾಳೆ. ಮೌಂಟನ್ ಬೈಕ್‌ನಲ್ಲಿಯೂ ರಸ್ತೆಯ ಟೈಮ್ ಟ್ರಯಲ್‌ನಲ್ಲಿಯೂ ತನ್ನ ವಯಸ್ಸಿನವರ ನಡುವೆ ಮೊದಲ ಐದರೊಳಗೆ ಬಂದಿದ್ದಾಳೆ. ಈಗ ತರಬೇತಿ ಕೊಡುವವರೊಬ್ಬರು, ಎರಡು ದೋಣಿಗಳಲ್ಲಿ ಕಾಲಿಟ್ಟರೆ ಯಾವ ದಡವನ್ನೂ ಮುಟ್ಟಲಾಗದು, ಮೌಂಟನ್ ಬೈಕನ್ನು ಬಿಟ್ಟು ರಸ್ತೆಯನ್ನೇ ಹಿಡಿಯಬೇಕು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಅವರು ಅನುಭವಸ್ಥರು, ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಆದರೆ ಹುಡುಗಿ ಒಪ್ಪುತ್ತಿಲ್ಲ. ಅವಳ ಕೋಣೆಯ ಗೋಡೆಯ ಮೇಲೆ ಇಂಗ್ಲೆಂಡಿನ ಟಾಮ್ ಪಿಡ್‌ಕಾಕ್‌ನ ಚಿತ್ರವಿದೆ. "ಮಾವ, ಇವನು ರೋಡ್, ಮೌಂಟನ್ ಬೈಕ್, ಸೈಕ್ಲೊಕ್ರಾಸ್ ಮೂರನ್ನೂ ಆಡಿ ಮೂರರಲ್ಲೂ ಗೆದ್ದಿದ್ದಾನಲ್ಲ, ನಾನೇಕೆ ಒಂದನ್ನು ಬಿಡಬೇಕು?" ಎಂದು ಕೇಳುತ್ತಾಳೆ. ನನ್ನಲ್ಲಿ ಉತ್ತರವಿಲ್ಲ.

ಪಿಡ್‌ಕಾಕ್‌ನಂಥವರ ವೃತ್ತಿಜೀವನ ನಿಜವಾಗಿ ಹೇಗೆ ಕಟ್ಟಲ್ಪಟ್ಟಿತು, ಅದರಿಂದ ನಮ್ಮಂಥ ಕಡೆಯ ಹುಡುಗಿಯೊಬ್ಬಳು ಏನನ್ನು ತೆಗೆದುಕೊಳ್ಳಬಹುದು, ಏನನ್ನು ತೆಗೆದುಕೊಳ್ಳಬಾರದು ಎಂಬುದನ್ನು ಬಲ್ಲವರು ತಿಳಿಸಬೇಕು. ಅವಳ ತಂದೆ ತೀರಿಕೊಂಡಿದ್ದಾರೆ; ಹಾಗಾಗಿ ಈ ನಿರ್ಧಾರದಲ್ಲಿ ನನ್ನ ಮಾತಿಗೆ ತೂಕವಿದೆ, ಅದಕ್ಕಾಗಿಯೇ ತಿಳಿಯದೆ ಮಾತನಾಡಲು ಭಯವಾಗುತ್ತಿದೆ.

---

ಕಾಳಿ ಸಂಗಮ, ಕಾರವಾರ

ನಾನು ಹಲವು ವರ್ಷಗಳಿಂದ ಯುರೋಪಿನ ಸೈಕ್ಲೊಕ್ರಾಸ್ ಸ್ಪರ್ಧೆಗಳನ್ನು ತಪ್ಪದೆ ನೋಡುತ್ತ ಬಂದವನು. ನಿಮ್ಮ ಸೊಸೆಯ ಪ್ರಶ್ನೆ ಹಟದ ಪ್ರಶ್ನೆಯಲ್ಲ, ಸರಿಯಾದ ಪ್ರಶ್ನೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಪಿಡ್‌ಕಾಕ್ ಹುಟ್ಟಿದ್ದು 1999ರ ಜುಲೈ 30ರಂದು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅವನ ಹೆಸರನ್ನು ಜಗತ್ತು ಗುರುತಿಸಿದ್ದು ಮೌಂಟನ್ ಬೈಕ್‌ನಿಂದಲ್ಲ ಎಂಬುದನ್ನು ಗಮನಿಸಬೇಕು. 2017ರ ಜನವರಿಯಲ್ಲಿ ಅವನು ಸೈಕ್ಲೊಕ್ರಾಸ್‌ನ ಜೂನಿಯರ್ ವಿಶ್ವ ಚಾಂಪಿಯನ್ ಆದ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಾರ್ವೆಯ ಬರ್ಗನ್‌ನಲ್ಲಿ ರಸ್ತೆಯ ಟೈಮ್ ಟ್ರಯಲ್‌ನ ಜೂನಿಯರ್ ಪ್ರಶಸ್ತಿಯನ್ನೂ ಗೆದ್ದ. ಒಂದು ಕೆಸರಿನಲ್ಲಿ ಸೈಕಲ್ ಹೊತ್ತು ಓಡುವ ಆಟ, ಇನ್ನೊಂದು ನುಣುಪಾದ ರಸ್ತೆಯಲ್ಲಿ ಒಬ್ಬನೇ ಗಡಿಯಾರದ ವಿರುದ್ಧ ತುಳಿಯುವ ಆಟ. 2020ರಲ್ಲಿ 23 ವರ್ಷದೊಳಗಿನವರಿಗಾಗಿ ಇಟಲಿಯಲ್ಲಿ ನಡೆಯುವ ಹಲವು ದಿನಗಳ ಸ್ಪರ್ಧೆಯನ್ನು ಗೆದ್ದು, ಅದೇ ಋತುವಿನಲ್ಲಿ ಆ ವಯೋಮಿತಿಯ ಮೌಂಟನ್ ಬೈಕ್ ವಿಶ್ವ ಪ್ರಶಸ್ತಿಯನ್ನೂ ಪಡೆದ. ಆಗ ಅವನಿಗೆ 21 ವರ್ಷ, ಅಂದರೆ ನಿಮ್ಮ ಹುಡುಗಿಗಿಂತ ಐದು ವರ್ಷ ದೊಡ್ಡವನಾಗಿದ್ದಾಗಲೂ ಅವನು ಇನ್ನೂ ಒಂದನ್ನು ಆರಿಸಿಕೊಂಡಿರಲಿಲ್ಲ.

ಟೋಕಿಯೊ ಒಲಿಂಪಿಕ್ಸ್ ನಡೆದ 2021ರ ಬೇಸಿಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿಯ ಮೌಂಟನ್ ಬೈಕ್ ಸ್ಪರ್ಧೆಗೆ ಎಂಟು ವಾರಗಳಷ್ಟು ಮೊದಲು ಅಭ್ಯಾಸದ ದಾರಿಯಲ್ಲಿ ಕಾರೊಂದು ಡಿಕ್ಕಿ ಹೊಡೆದು ಅವನ ಕಾಲರ್ ಮೂಳೆ ತುಂಡಾಯಿತು. ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಅವನು ಒಳಾಂಗಣದ ಸೈಕಲ್ ಹತ್ತಿದ. ಟೋಕಿಯೊದ ಸೆಕೆಗೆ ದೇಹವನ್ನು ಹೊಂದಿಸಲು ಮನೆಯೊಳಗೆ ಗುಡಾರ ಕಟ್ಟಿ, ಅದರೊಳಗೆ ಬಿಸಿಗಾಳಿ ಹಾಯಿಸಿ ತುಳಿದ. (ನಮ್ಮ ಕರಾವಳಿಯ ಏಪ್ರಿಲ್ ತಿಂಗಳು ಆ ಗುಡಾರಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ.) ಮೌಂಟನ್ ಬೈಕ್‌ನಲ್ಲಿ ಸಾಲು ಹಾಕಿ ನಿಲ್ಲಿಸುವುದು ಅಂಕಗಳ ಆಧಾರದ ಮೇಲೆ. ವರ್ಷವಿಡೀ ಬೇರೆ ಬೇರೆ ಆಟಗಳಲ್ಲಿ ಹಂಚಿಹೋಗಿದ್ದ ಅವನ ಬಳಿ ಆ ಅಂಕಗಳು ಕಡಿಮೆಯಿದ್ದುದರಿಂದ ಮುಂದಿನ ಸಾಲುಗಳಲ್ಲಿ ಜಾಗ ಸಿಗಲಿಲ್ಲ. ಹಿಂದಿನಿಂದ ಹೊರಟು, ಒಬ್ಬೊಬ್ಬರನ್ನೇ ದಾಟಿ, ಸ್ವಿಟ್ಜರ್ಲೆಂಡಿನ ಮಥಿಯಾಸ್ ಫ್ಲೂಕಿಗರ್‌ಗಿಂತ 20 ಸೆಕೆಂಡ್ ಮೊದಲು ಗುರಿ ಮುಟ್ಟಿ ಚಿನ್ನ ಗೆದ್ದ. 22 ತುಂಬಲು ಇನ್ನೂ ನಾಲ್ಕು ದಿನ ಬಾಕಿಯಿತ್ತು.

ಮರುವರ್ಷ, 2022ರ ಜನವರಿಯಲ್ಲಿ ಅಮೆರಿಕದ ಫೇಯೆಟ್‌ವಿಲ್‌ನಲ್ಲಿ ಹಿರಿಯರ ಸೈಕ್ಲೊಕ್ರಾಸ್ ವಿಶ್ವ ಪ್ರಶಸ್ತಿ. ಜುಲೈ 14ರಂದು ಟೂರ್ ಡಿ ಫ್ರಾನ್ಸ್‌ನಲ್ಲಿ 21 ಹೇರ್‌ಪಿನ್ ತಿರುವುಗಳ ಆಲ್ಪ್ ಡ್ಯುಯೆಜ್ ಘಟ್ಟದ ಮೇಲೆ ಗೆಲುವು. ಆ ಘಟ್ಟದ ಮೇಲೆ ಗೆದ್ದವರಲ್ಲೆಲ್ಲ ಅವನೇ ಕಿರಿಯ. ಆದರೆ ನನ್ನ ಮಟ್ಟಿಗೆ ಆ ದಿನದ ಗೆಲುವಿಗೆ ಅಡಿಪಾಯ ಬಿದ್ದದ್ದು ಏರಿನಲ್ಲಲ್ಲ, ಅದಕ್ಕೂ ಮೊದಲು ಬಂದ ಗಾಲಿಬಿಯೆ ಕಣಿವೆದಾರಿಯ ಇಳಿಜಾರಿನಲ್ಲಿ. ಮುಂದೆ ಹೋದವರನ್ನು ಅವನು ಅಲ್ಲಿ ಇಳಿಯುತ್ತಲೇ ಹಿಡಿದ. ಟಯರ್ ಎಲ್ಲಿಯವರೆಗೆ ನೆಲ ಹಿಡಿಯುತ್ತದೆ, ಎಲ್ಲಿಂದ ಜಾರತೊಡಗುತ್ತದೆ ಎಂಬುದು ಕೆಸರಿನಲ್ಲಿ, ಬೇರಿನ ಮೇಲೆ, ಸಡಿಲ ಕಲ್ಲಿನ ಮೇಲೆ ನೂರಾರು ಬಾರಿ ಜಾರಿದವನಿಗೆ ಮಾತ್ರ ಗೊತ್ತಾಗುವ ವಿಷಯ. ರಸ್ತೆಯಲ್ಲೇ ಬೆಳೆದ ಸವಾರನಿಗೆ ಜಾರುವುದು ಅಂದರೆ ಬೀಳುವುದು. ಇವನಿಗೆ ಅದು ಸೈಕಲ್ ನಡೆಸುವ ಒಂದು ಬಗೆ. ನಿಮ್ಮ ಸೊಸೆ ಸಂಕದ ಮೇಲೆ, ಮಳೆಗಾಲದ ಕೆಮ್ಮಣ್ಣಿನ ಮೇಲೆ ಕಲಿತದ್ದು ಇದೇ ವಿದ್ಯೆ. ಸೈಕ್ಲೊಕ್ರಾಸ್‌ನಲ್ಲಿ ದಾರಿಗೆ ಅಡ್ಡಲಾಗಿ ಇಡುವ ಹಲಗೆ ಹೆಚ್ಚೆಂದರೆ 40 ಸೆಂಟಿಮೀಟರ್ ಎತ್ತರವಿರುತ್ತದೆ. ನಮ್ಮ ಕಡೆಯ ತಡಮೆ ಅದಕ್ಕಿಂತ ಎತ್ತರ.

ಕಾರವಾರದವನಾಗಿ ಇನ್ನೊಂದು ಮಾತು. 2021ರ ಸೈಕ್ಲೊಕ್ರಾಸ್ ವಿಶ್ವ ಚಾಂಪಿಯನ್‌ಷಿಪ್ ಬೆಲ್ಜಿಯಂನ ಒಸ್ಟೆಂಡ್‌ನ ಸಮುದ್ರತೀರದಲ್ಲಿ ನಡೆದಾಗ, ಸವಾರರು ಒಣ ಮರಳನ್ನು ಬಿಟ್ಟು ಅಲೆ ತೋಯಿಸಿ ಗಟ್ಟಿ ಮಾಡಿದ ಪಟ್ಟಿಯನ್ನು ಹುಡುಕುತ್ತ ನೀರಿನಂಚಿನಲ್ಲೇ ಹೋಗುತ್ತಿದ್ದರು. ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ಸೈಕಲ್ ತುಳಿದ ನಮ್ಮ ಮಕ್ಕಳೆಲ್ಲ ಹುಡುಕುವುದು ಅದೇ ಪಟ್ಟಿಯನ್ನು. ನೆಲ ನಮ್ಮಲ್ಲಿದೆ. ದಯವಿಟ್ಟು ಬಿಡಿಸಬೇಡಿ.

---

ಹಳೆಯ ರೋಡ್ ಸವಾರ, ಅಂಕೋಲಾ

ಕಾರವಾರದ ಮಿತ್ರರು ಬರೆದದ್ದರಲ್ಲಿ ತಪ್ಪೇನೂ ಇಲ್ಲ, ಆದರೂ ಅವರ ತೀರ್ಮಾನವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಗೆದ್ದ ದಿನಗಳನ್ನು ಮಾತ್ರ ಸಾಲಾಗಿ ಇಟ್ಟರೆ ಯಾರ ವೃತ್ತಿಜೀವನವೂ ಸುಲಭವಾಗಿ ಕಾಣುತ್ತದೆ.

ಇದೇ ಪಿಡ್‌ಕಾಕ್ ಏನನ್ನು ಬಿಟ್ಟ ಎಂಬುದನ್ನೂ ನೋಡಬೇಕು. 2022ರಲ್ಲಿ ಗೆದ್ದ ಸೈಕ್ಲೊಕ್ರಾಸ್ ಪ್ರಶಸ್ತಿಯನ್ನು ಉಳಿಸಿಕೊಳ್ಳಲು 2023ರ ವಿಶ್ವ ಚಾಂಪಿಯನ್‌ಷಿಪ್‌ಗೆ ಅವನು ಹೋಗಲೇ ಇಲ್ಲ. ರಸ್ತೆಯ ಋತುವಿಗೆ ಸಿದ್ಧನಾಗಬೇಕಿತ್ತು. ಅದರ ಫಲವಾಗಿ ಆ ಮಾರ್ಚ್‌ನಲ್ಲಿ ಇಟಲಿಯ ಬಿಳಿಮಣ್ಣಿನ ದಾರಿಗಳ ಮೇಲೆ ನಡೆಯುವ ಸ್ಟ್ರಾಡೆ ಬಿಯಾಂಕೆಯನ್ನು ಗೆದ್ದ. ಮೈಮೇಲಿದ್ದ ವಿಶ್ವ ಚಾಂಪಿಯನ್ ಜೆರ್ಸಿಯನ್ನು ಆಡದೆಯೇ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಮೂರು ಆಟ ಆಡುವವನು ಮೂರನ್ನೂ ಒಟ್ಟಿಗೆ ಆಡುವುದಿಲ್ಲ, ಪ್ರತಿ ವರ್ಷವೂ ಯಾವುದಾದರೂ ಒಂದನ್ನು ಕಳೆದುಕೊಳ್ಳಲು ಒಪ್ಪಿಕೊಳ್ಳುತ್ತಾನೆ.

ಒಪ್ಪಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೆದರ್‌ಲೆಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೂಲ್ ಉದಾಹರಣೆ. ಇಂದಿನ ಸವಾರರಲ್ಲಿ ಬಹುಶಃ ಅವನಷ್ಟು ಸಹಜ ಪ್ರತಿಭೆ ಇನ್ನೊಬ್ಬನಿಲ್ಲ. 2021ರಲ್ಲಿ ಅವನು ಟೂರ್ ಡಿ ಫ್ರಾನ್ಸ್‌ನಲ್ಲಿ ಹಲವು ದಿನ ಒಟ್ಟಾರೆ ಮುಂದಿರುವವರಿಗೆ ಕೊಡುವ ಹಳದಿ ಜೆರ್ಸಿ ಧರಿಸಿ, ಅಲ್ಲಿಂದ ಟೋಕಿಯೊಗೆ ಹೋಗಿ, ಬಂಡೆಯ ಇಳಿತವೊಂದರಲ್ಲಿ ಮುಗ್ಗರಿಸಿ ಬಿದ್ದ. ಅಭ್ಯಾಸದ ವೇಳೆ ಅಲ್ಲಿದ್ದ ಹಲಗೆ ಸ್ಪರ್ಧೆಯ ದಿನವೂ ಇರುತ್ತದೆಂದು ಅವನು ತಿಳಿದಿದ್ದ. ಬೆನ್ನಿನ ನೋವು ಅವನನ್ನು ಬಹಳ ಕಾಲ ಕಾಡಿತು, ಮುಂದಿನ ಚಳಿಗಾಲದ ಸೈಕ್ಲೊಕ್ರಾಸ್ ಬಹುಪಾಲು ಕೈತಪ್ಪಿತು. 2023ರ ಆಗಸ್ಟ್ 6ರಂದು ಗ್ಲಾಸ್ಗೋದಲ್ಲಿ ರಸ್ತೆಯ ವಿಶ್ವ ಚಾಂಪಿಯನ್ ಆದವನು, ಆರು ದಿನಗಳ ನಂತರ ಮೌಂಟನ್ ಬೈಕ್ ಸ್ಪರ್ಧೆಯ ಮೊದಲ ಕೆಲವೇ ನಿಮಿಷಗಳಲ್ಲಿ ಬಿದ್ದು ಹೊರನಡೆದ. ಅಂದು ಆ ಸ್ಪರ್ಧೆಯನ್ನು ಗೆದ್ದವನು ಪಿಡ್‌ಕಾಕ್. ಮೌಂಟನ್ ಬೈಕನ್ನು ಆಗಾಗ ಮಾತ್ರ ಹತ್ತುವ ಕೈಗೆ ಆ ನೆಲದ ಲಯ ಮರೆತಿರುತ್ತದೆ. ಕೌಶಲ ಒಂದು ಆಟದಿಂದ ಇನ್ನೊಂದಕ್ಕೆ ಹರಿಯುತ್ತದೆ ಎಂಬುದು ನಿಜ, ಆದರೆ ಅದು ತಾನಾಗಿ ಹರಿಯುವುದಿಲ್ಲ.

ಇನ್ನು ನಮ್ಮ ನಾಡಿನ ಮಾತು. ಬೆಲ್ಜಿಯಂನ ಹುಡುಗನಿಗೆ ಚಳಿಗಾಲದಲ್ಲಿ ವಾರಾಂತ್ಯಕ್ಕೊಂದು ಸ್ಪರ್ಧೆ ಮನೆಯ ಹತ್ತಿರದಲ್ಲೇ ಸಿಗುತ್ತದೆ. ನಮ್ಮಲ್ಲಿ ರಸ್ತೆ, ಮೌಂಟನ್ ಬೈಕ್, ಟ್ರ್ಯಾಕ್ ಮೂರಕ್ಕೂ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ಬೇರೆ ಬೇರೆಯಾಗಿ ನಡೆಯುತ್ತವೆ, ಪ್ರತಿಯೊಂದಕ್ಕೂ ರಾಜ್ಯದ ಆಯ್ಕೆ ಬೇರೆ, ಪ್ರಯಾಣ ಬೇರೆ, ರಜೆ ಬೇರೆ. ಭಾರತದ ಸೈಕಲ್ ಸವಾರರು 1964ರ ಟೋಕಿಯೊ ನಂತರ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಿಲ್ಲ. ಇತ್ತೀಚಿನ ದೊಡ್ಡ ಸಾಧನೆಗಳು ಬಂದದ್ದು ಟ್ರ್ಯಾಕ್‌ನಲ್ಲಿ: 2019ರಲ್ಲಿ ಜರ್ಮನಿಯಲ್ಲಿ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನ ಟೀಮ್ ಸ್ಪ್ರಿಂಟ್ ಚಿನ್ನ, 2022ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರೊನಾಲ್ಡೊ ಲೈತೊಂಜಮ್ ಪಡೆದ ಸ್ಪ್ರಿಂಟ್ ಬೆಳ್ಳಿ. ನಮ್ಮ ರಾಜ್ಯದಲ್ಲಿ ಸೈಕ್ಲಿಂಗ್ ಸಂಪ್ರದಾಯವಿರುವುದು ವಿಜಯಪುರ, ಬಾಗಲಕೋಟೆಯ ಬಯಲಿನಲ್ಲಿ. ಅಲ್ಲಿಯ ಮಕ್ಕಳು ಬೆಳಗಿನ ಜಾವ ಗುಂಪುಗಟ್ಟಿ ನೇರ ರಸ್ತೆಯಲ್ಲಿ ತುಳಿದು ಬೆಳೆಯುತ್ತಾರೆ. ಗುಂಪಿನ ನಡುವೆ ಮುಂದಿನವರ ಚಕ್ರಕ್ಕೆ ಒಂದು ಗೇಣು ಅಂತರ ಬಿಟ್ಟು, ಅವರ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಸಾಗುವುದು ಒಂಟಿಯಾಗಿ ಬೆಟ್ಟದಲ್ಲಿ ತುಳಿದವರಿಗೆ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಅರಬೈಲ್ ಘಟ್ಟ ಹತ್ತಿ ಹತ್ತಿ ಕಾಲು ಗಟ್ಟಿಯಾಗಿತ್ತು, ಆದರೆ ಮೊದಲ ದೊಡ್ಡ ರಸ್ತೆ ಸ್ಪರ್ಧೆಯಲ್ಲಿ ಬಯಲಿನ ಅಡ್ಡಗಾಳಿಗೆ ಸಿಕ್ಕಿ ಗುಂಪಿನಿಂದ ಕಳಚಿಕೊಂಡವನು ಮತ್ತೆ ಸೇರಿಕೊಳ್ಳಲಾಗಲಿಲ್ಲ. ಅದೊಂದು ದಿನದ ನೋವನ್ನು ನಾನು ಇನ್ನೂ ಮರೆತಿಲ್ಲ.

ತರಬೇತುದಾರರು ಹೇಳಿದ ಮಾತಿನ ಹಿಂದೆ ಇಂಥ ಅನುಭವವೇ ಇರಬೇಕು. ಅವರೊಡನೆ ಕುಳಿತು ಮಾತನಾಡಿ. ಬಿಡಬೇಕು ಎನ್ನುವುದಕ್ಕೆ ಕಾರಣವೇನೆಂದು ಕೇಳಿ.

---

ಕುಮಟೆಯ ಫಿಸಿಯೊ

ನಾನು ಕ್ರೀಡಾಪಟುಗಳಿಗೆ ಚಿಕಿತ್ಸೆ ಕೊಡುವ ಫಿಸಿಯೊಥೆರಪಿಸ್ಟ್. ಮೇಲಿನ ಇಬ್ಬರೂ ಗಂಡುಸವಾರರ ಬಗ್ಗೆಯೇ ಬರೆದಿದ್ದಾರೆ. ಹುಡುಗಿಯ ಕಣ್ಣಿಗೆ ಬೀಳಬೇಕಾದ ಇನ್ನೊಂದು ಚಿತ್ರವಿದೆ.

ಫ್ರಾನ್ಸಿನ ಪೋಲಿನ್ ಫೆರಾಂ-ಪ್ರೆವೊ 2014ರ ಸೆಪ್ಟೆಂಬರ್‌ನಲ್ಲಿ ರಸ್ತೆಯ, 2015ರ ಆರಂಭದಲ್ಲಿ ಸೈಕ್ಲೊಕ್ರಾಸ್‌ನ, ಅದೇ ವರ್ಷ ಮೌಂಟನ್ ಬೈಕ್‌ನ ವಿಶ್ವ ಪ್ರಶಸ್ತಿ ಗೆದ್ದರು. ಮೂರು ವಿಭಾಗಗಳ ವಿಶ್ವ ಪ್ರಶಸ್ತಿ ಏಕಕಾಲಕ್ಕೆ ಒಬ್ಬರ ಬಳಿಯೇ ಇದ್ದುದು ಅದೇ ಮೊದಲು. ಆಗ ಅವರಿಗೆ 23 ವರ್ಷ. ಮರುವರ್ಷವೇ ಎಲ್ಲವೂ ಕುಸಿಯಿತು. ರಿಯೊ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ಸ್ಪರ್ಧೆಯನ್ನು ಅವರಿಂದ ಮುಗಿಸಲೂ ಆಗಲಿಲ್ಲ. ಮುಂದೆ 2019ರಲ್ಲಿ ಕಾಲಿಗೆ ರಕ್ತ ಒಯ್ಯುವ ಇಲಿಯಾಕ್ ಧಮನಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಸೈಕಲ್ ಮೇಲೆ ಬಾಗಿ ಕುಳಿತು ತೊಡೆಯನ್ನು ಲಕ್ಷಾಂತರ ಬಾರಿ ಮಡಚಿ ಬಿಚ್ಚುವಾಗ ಆ ಧಮನಿ ಬಾಗಿ, ಒಳಗೋಡೆ ದಪ್ಪವಾಗಿ, ಜೋರಾಗಿ ತುಳಿಯುವಾಗ ಕಾಲಿಗೆ ಸಾಕಷ್ಟು ರಕ್ತ ಸಿಗದಂತಾಗುವ ತೊಂದರೆ ಅದು. ಸುಮ್ಮನಿದ್ದಾಗ ನೋವಿರುವುದಿಲ್ಲ, ಆದ್ದರಿಂದ ಎಷ್ಟೋ ಸವಾರರು ತಮ್ಮ ಮನಸ್ಸೇ ದುರ್ಬಲವಾಯಿತೆಂದು ವರ್ಷಗಟ್ಟಲೆ ತಪ್ಪು ತಿಳಿಯುತ್ತಾರೆ.

ಅವರು ಮರಳಿ ಬಂದ ರೀತಿಯನ್ನು ನಿಮ್ಮ ಸೊಸೆಗೆ ಓದಿ ಹೇಳಬೇಕು. ಮತ್ತೆ ಮೂರನ್ನೂ ಒಟ್ಟಿಗೆ ಹಿಡಿಯಲು ಹೋಗಲಿಲ್ಲ. ಹಲವು ವರ್ಷ ಮೌಂಟನ್ ಬೈಕನ್ನೇ ಮುಖ್ಯವಾಗಿಟ್ಟುಕೊಂಡು, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಪಡೆದು, ಆ ಅಧ್ಯಾಯವನ್ನು ಅಲ್ಲಿಗೆ ಮುಚ್ಚಿ ರಸ್ತೆಗೆ ಬಂದರು. 2025ರ ಏಪ್ರಿಲ್‌ನಲ್ಲಿ ಕಲ್ಲುಹಾಸಿನ ದಾರಿಗಳ ಮೇಲೆ ನಡೆಯುವ ಮಹಿಳೆಯರ ಪ್ಯಾರಿಸ್-ರೂಬೆ, ಆಗಸ್ಟ್‌ನಲ್ಲಿ ಮಹಿಳೆಯರ ಟೂರ್ ಡಿ ಫ್ರಾನ್ಸ್ ಗೆದ್ದರು. ಒಂದಾದ ಮೇಲೆ ಒಂದು. ಬಹುವಿಭಾಗದ ಸವಾರಿ ಅಂದರೆ ಒಂದೇ ವರ್ಷದಲ್ಲಿ ಎಲ್ಲವನ್ನೂ ಮಾಡುವುದು ಎಂದು ನಾವು ಭಾವಿಸುತ್ತೇವೆ. ಅದನ್ನು ಒಂದು ಆಯುಷ್ಯದ ಉದ್ದಕ್ಕೂ ಹರಡಬಹುದು ಎಂದು ಅವರು ತೋರಿಸಿದರು.

16ನೆಯ ವಯಸ್ಸಿನಲ್ಲಿ ನನಗೆ ಹೆಚ್ಚು ಆತಂಕವಿರುವುದು ಆಟಗಳ ಸಂಖ್ಯೆಯ ಬಗ್ಗೆ ಅಲ್ಲ, ವಿಶ್ರಾಂತಿ ಮತ್ತು ಊಟದ ಬಗ್ಗೆ. ಯುರೋಪಿನಲ್ಲಿ ಸೈಕ್ಲೊಕ್ರಾಸ್ ಸೆಪ್ಟೆಂಬರ್‌ನಿಂದ ಫೆಬ್ರವರಿಯವರೆಗೆ ನಡೆಯುತ್ತದೆ. ರಸ್ತೆ ಮತ್ತು ಮೌಂಟನ್ ಬೈಕ್ ಉಳಿದ ತಿಂಗಳುಗಳನ್ನು ತುಂಬುತ್ತವೆ. ಅಂದರೆ ಮೂರನ್ನೂ ಆಡುವವರಿಗೆ ಖಾಲಿ ತಿಂಗಳೇ ಇರುವುದಿಲ್ಲ, ತಾವಾಗಿ ಖಾಲಿ ಮಾಡಿಕೊಳ್ಳಬೇಕು. ಆಟಗಳು ಮೂರಾದರೂ ದಣಿಯುವ ದೇಹ ಒಂದೇ. ತಿನ್ನುವುದಕ್ಕಿಂತ ಖರ್ಚು ಹೆಚ್ಚಾದರೆ ಹುಡುಗಿಯರಲ್ಲಿ ಮೊದಲು ಏರುಪೇರಾಗುವುದು ಮುಟ್ಟು. ಮುಟ್ಟು ನಿಂತುಹೋದರೆ ಅದನ್ನು ಕಠಿಣ ಅಭ್ಯಾಸದ ಲಕ್ಷಣವೆಂದು ಹೆಮ್ಮೆಪಡುವವರನ್ನು ನಾನು ಕಂಡಿದ್ದೇನೆ. ಅದು ಮೂಳೆಯ ಸಾಂದ್ರತೆ ಇಳಿಯತೊಡಗುವ ಸೂಚನೆ, ತಕ್ಷಣ ವೈದ್ಯರಲ್ಲಿಗೆ ಹೋಗಬೇಕು. ಇಂಥ ಶಕ್ತಿಯ ಕೊರತೆಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ಪ್ರತ್ಯೇಕ ಹೆಸರಿಟ್ಟು ಎಚ್ಚರಿಸಿದೆ. ಈ ವಿಷಯವನ್ನು ಸೋದರಮಾವನಾದ ನೀವು ಕೇಳಲು ಸಂಕೋಚವಾಗುವುದು ಸಹಜ, ಅವಳ ತಾಯಿಗೆ ತಿಳಿಸಿ.

ಮೂಳೆಯ ದೃಷ್ಟಿಯಿಂದ ಇನ್ನೊಂದು ವಿಚಾರ ಬಹುವಿಭಾಗದ ಪರವಾಗಿಯೇ ಇದೆ. ನಯವಾದ ರಸ್ತೆಯಲ್ಲಿ ಮಾತ್ರ ತುಳಿಯುವವರ ಮೂಳೆಗೆ ನೆಲದ ಹೊಡೆತ ಬೀಳುವುದಿಲ್ಲ, ಅದು ಗಟ್ಟಿಯಾಗಲು ಬೇಕಾದ ಪ್ರಚೋದನೆ ಸಿಗುವುದಿಲ್ಲ. ಸೈಕಲ್ ಹೊತ್ತು ಓಡುವುದು, ಕಲ್ಲುದಾರಿಯಲ್ಲಿ ಕುಲುಕುವುದು ಬೆಳೆಯುವ ವಯಸ್ಸಿಗೆ ಒಳ್ಳೆಯದು. ಆದ್ದರಿಂದ ಬೆಟ್ಟದ ದಾರಿಯನ್ನು ಬಿಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

---

ಶಿರಸಿಯ ಸೋದರಮಾವ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ನಿನ್ನೆ ರಾತ್ರಿ ಜಗುಲಿಯಲ್ಲಿ ಕುಳಿತು ತಂಗಿಗೂ ಸೊಸೆಗೂ ಓದಿ ಹೇಳಿದೆ. ಅಂಕೋಲೆಯವರು ಬರೆದ ಅಡ್ಡಗಾಳಿಯ ಮಾತು ಬಂದಾಗ ಹುಡುಗಿ ಮೊದಲ ಬಾರಿಗೆ ಸುಮ್ಮನಾದಳು. ಕಳೆದ ರಸ್ತೆ ಸ್ಪರ್ಧೆಯಲ್ಲಿ ತನಗೂ ಹಾಗೆಯೇ ಆಯಿತೆಂದು ಆಮೇಲೆ ಹೇಳಿದಳು. ಫಿಸಿಯೊ ಅವರು ಬರೆದ ವಿಷಯವನ್ನು ತಂಗಿ ನೋಡಿಕೊಳ್ಳುತ್ತಾಳೆ.

ಇನ್ನೆರಡು ಸಂದೇಹಗಳಿವೆ. ಈಗ ಅವಳ ಬಳಿ ಇರುವುದು ಒಂದು ಸಾಧಾರಣ ಮೌಂಟನ್ ಬೈಕ್. ರಸ್ತೆ ಸ್ಪರ್ಧೆಗೆ ಪರಿಚಿತರಿಂದ ಕಡ ತಂದ ಸೈಕಲ್. ಈ ವರ್ಷ ಅಡಿಕೆ ಮಾರಿದ ಮೇಲೆ ಒಂದನ್ನು ಕೊಡಿಸಬಲ್ಲೆ, ಮೂರನ್ನಲ್ಲ. ಯಾವುದನ್ನು ಕೊಡಿಸಲಿ? ಮತ್ತು ಮಳೆಗಾಲದಲ್ಲಿ, ದೇವಿಮನೆ ಘಟ್ಟದಲ್ಲಿ ಲಾರಿಗಳ ನಡುವೆ ಅವಳನ್ನು ಕಳಿಸಲು ನನಗೆ ಧೈರ್ಯವಿಲ್ಲ. ಆ ನಾಲ್ಕು ತಿಂಗಳು ಏನು ಮಾಡಬೇಕು?

---

ಕಾಳಿ ಸಂಗಮ, ಕಾರವಾರ

ರಸ್ತೆಯ ಸೈಕಲ್ ಕೊಡಿಸಿ, ಒಳ್ಳೆಯ ಸ್ಥಿತಿಯ ಹಳೆಯದಾದರೂ ಸಾಕು. ಚೌಕಟ್ಟಿನ ಅಳತೆ ಅವಳ ಮೈಗೆ ಸರಿಹೊಂದಬೇಕು, ಅದೊಂದರಲ್ಲಿ ರಾಜಿ ಬೇಡ. ಸ್ವಂತ ಸೈಕಲ್ ಇಲ್ಲದೆ ಗುಂಪಿನಲ್ಲಿ ತುಳಿಯುವುದು ಅಭ್ಯಾಸವಾಗುವುದಿಲ್ಲ, ಕಡ ತಂದ ಸೈಕಲ್ಲಿನ ಮೇಲೆ ಯಾರೂ ಧೈರ್ಯವಾಗಿ ತಿರುವು ತೆಗೆದುಕೊಳ್ಳುವುದಿಲ್ಲ. ಅಂಕೋಲೆಯವರ ಮಾತಿಗೆ ನಾನು ಇಷ್ಟು ಬಾಗುತ್ತೇನೆ: ಕೊರತೆ ಅಲ್ಲಿದೆ, ಹಣವೂ ಅಲ್ಲಿಗೇ ಹೋಗಲಿ. ಸೈಕ್ಲೊಕ್ರಾಸ್‌ಗೆಂದೇ ಪ್ರತ್ಯೇಕ ಸೈಕಲ್ ಈಗ ಅನಗತ್ಯ. 33 ಮಿಲಿಮೀಟರ್ ಟಯರಿನ ಆ ಸೈಕಲ್ಲಿಗೆ ನಮ್ಮಲ್ಲಿ ಸ್ಪರ್ಧೆಗಳೇ ಇಲ್ಲ, ಆದರೆ ಅದರ ಅಭ್ಯಾಸವನ್ನು ಇರುವ ಮೌಂಟನ್ ಬೈಕ್‌ನಲ್ಲೇ ಮಾಡಬಹುದು.

ಮಳೆಗಾಲದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆ ಬೇಡವೇ ಬೇಡ. ಊರಿನ ಗದ್ದೆಬಯಲಿನ ಅಂಚು, ಶಾಲೆಯ ಮೈದಾನ, ಬೆಟ್ಟದ ಒಂದು ಏರು ಇವನ್ನು ಸೇರಿಸಿ ಎರಡೂವರೆ ಕಿಲೋಮೀಟರ್‌ನ ಸುತ್ತು ಗುರುತು ಮಾಡಿ. ನಿಜವಾದ ಸೈಕ್ಲೊಕ್ರಾಸ್ ಸುತ್ತು ಅಷ್ಟೇ ಇರುತ್ತದೆ, ಹೆಚ್ಚೆಂದರೆ ಮೂರೂವರೆ. ವಾರಕ್ಕೊಮ್ಮೆ 40 ನಿಮಿಷ, ಸಮಯ ಬರೆದಿಟ್ಟುಕೊಂಡು ತುಳಿಯಲಿ. ಇನ್ನೊಂದು ದಿನ ಇಳಿದು ಹತ್ತುವುದನ್ನು ಮಾತ್ರ ಮಾಡಲಿ. ಉಂಬಳಗಳಿಗೆ (ಜಿಗಣೆಗಳಿಗೆ) ಸುಣ್ಣ, ಹೊಗೆಸೊಪ್ಪು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಪ್ರತಿ ಸಲವೂ ಚೈನ್ ತೊಳೆದು ಒರೆಸಿ ಎಣ್ಣೆ ಹಾಕುವುದನ್ನು ಅವಳೇ ಕಲಿಯಬೇಕು, ಕೆಮ್ಮಣ್ಣು ಮತ್ತು ನೀರು ಸೇರಿದರೆ ಚೈನಿಗೆ ಅರದಂತೆ ಕೆಲಸ ಮಾಡುತ್ತದೆ.

ಇನ್ನೊಂದು ವಿಷಯ ಹೇಳದೆ ಬಿಟ್ಟಿದ್ದೆ. 2024ರ ಜುಲೈ 29ರಂದು ಪ್ಯಾರಿಸ್ ಬಳಿಯ ಎಲಾಂಕೂರ್ ಗುಡ್ಡದಲ್ಲಿ ನಡೆದ ಒಲಿಂಪಿಕ್ಸ್ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಪಿಡ್‌ಕಾಕ್‌ನ ಮುಂಚಕ್ರ ಓಟದ ನಡುವೆಯೇ ಪಂಕ್ಚರ್ ಆಯಿತು. ಮೌಂಟನ್ ಬೈಕ್‌ನಲ್ಲಿ ಸೈಕಲ್ ಬದಲಿಸುವಂತಿಲ್ಲ, ನಿಗದಿಯಾದ ಜಾಗದವರೆಗೆ ಹೋಗಿ ಚಕ್ರ ಮಾತ್ರ ಬದಲಿಸಬೇಕು. ಸುಮಾರು 40 ಸೆಕೆಂಡ್ ಹೋಯಿತು. ಆತುರಪಡದೆ ಸುತ್ತಿನಿಂದ ಸುತ್ತಿಗೆ ಅದನ್ನು ಮರಳಿ ಗಳಿಸಿ, ಕೊನೆಯ ಸುತ್ತಿನಲ್ಲಿ ದಾರಿ ಮರವೊಂದರ ಎರಡೂ ಬದಿಗೆ ಕವಲಾಗುವಲ್ಲಿ, ಮುಂದಿದ್ದ ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿ ಹಿಡಿಯದ ಬದಿಯನ್ನು ಹಿಡಿದು ಅವನನ್ನು ದಾಟಿ, 9 ಸೆಕೆಂಡ್ ಅಂತರದಲ್ಲಿ ಗೆದ್ದ. ಆ ಓಟವನ್ನು ಅವಳಿಗೆ ಪೂರ್ತಿ ತೋರಿಸಿ, ಕೊನೆಯ ಐದು ನಿಮಿಷ ಮಾತ್ರವಲ್ಲ.

---

ಹಳೆಯ ರೋಡ್ ಸವಾರ, ಅಂಕೋಲಾ

ರಸ್ತೆಯ ಸೈಕಲ್ ಬಂದ ಮೇಲೆ, ಅಕ್ಟೋಬರ್ ರಜೆಯಲ್ಲಿ ಅವಳನ್ನು ಒಂದು ವಾರ ವಿಜಯಪುರ ಅಥವಾ ಬಾಗಲಕೋಟೆ ಕಡೆ ಗುಂಪಿನಲ್ಲಿ ತುಳಿಯುವ ಮಕ್ಕಳ ಜೊತೆ ಬಿಡಿ. ತಾಯಿಯೂ ಜೊತೆಗೆ ಹೋಗಲಿ. ನನಗೆ ಆ ವಯಸ್ಸಿನಲ್ಲಿ ಅದು ಸಿಕ್ಕಿರಲಿಲ್ಲ. ಅಲ್ಲಿ ನನಗೆ ಪರಿಚಯದವರಿದ್ದಾರೆ, ಬೇಕಿದ್ದರೆ ಖಾಸಗಿ ಸಂದೇಶ ಕಳಿಸಿ, ನಾನೇ ಮಾತನಾಡುತ್ತೇನೆ.

---

ಶಿರಸಿಯ ಸೋದರಮಾವ

ಇಂದು ತರಬೇತುದಾರರನ್ನು ಭೇಟಿಯಾಗಿ ಬಂದೆವು. ಕಾರಣ ಕೇಳಿದಾಗ ಅವರೂ ಗುಂಪಿನ ಸವಾರಿಯ ಮಾತನ್ನೇ ಹೇಳಿದರು. ಈ ವರ್ಷ ರಸ್ತೆಯ ಆಯ್ಕೆ ಸ್ಪರ್ಧೆಯನ್ನು ಮುಖ್ಯವಾಗಿಟ್ಟುಕೊಳ್ಳುವುದು, ಮೌಂಟನ್ ಬೈಕ್‌ನಲ್ಲಿ ರಾಜ್ಯಮಟ್ಟದ ಸ್ಪರ್ಧೆಯೊಂದಕ್ಕೆ ಮಾತ್ರ ಹೋಗುವುದು, ಬರುವ ವರ್ಷ ಯಾವುದು ಮುಖ್ಯವೆಂದು ಅವಳೇ ಹೇಳುವುದು ಎಂದು ಒಪ್ಪಂದವಾಗಿದೆ. ಪರೀಕ್ಷೆಯ ತಿಂಗಳು ಪೂರ್ತಿ ವಿಶ್ರಾಂತಿ. ಅಂಕೋಲೆಯವರಿಗೆ ಸಂದೇಶ ಕಳಿಸಿದ್ದೇನೆ.

ಸುತ್ತನ್ನು ನಿನ್ನೆ ಸಂಜೆಯೇ ಗುರುತು ಮಾಡಿದಳು. ಅಳೆದು ನೋಡಿದಾಗ 2.7 ಕಿಲೋಮೀಟರ್ ಬಂತು. ಮನೆಯ ಹಿಂದಿನ ತಡಮೆಯನ್ನೂ, ಹಳ್ಳದ ಸಂಕವನ್ನೂ ಅದರೊಳಗೆ ಸೇರಿಸಿದ್ದಾಳೆ. ಮೊದಲ ಸುತ್ತಿಗೆ 11 ನಿಮಿಷ 20 ಸೆಕೆಂಡ್ ಆಯಿತೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ.